ಹಳ್ಳದ ನಡುವೆ ನೀರಡಿಕೆ

ನಾನು ಹುಟ್ಟಾ ಅಂಜುಬುರುಕಿ. ಅತ್ತೆ ಕೆಮ್ಮಿದರೆ ಅಂಜುತ್ತಿದ್ದೆ, ಹಿತ್ತಿಲ ಬೇವಿನ ಮರ ಅಲ್ಲಾಡಿದರೆ ಅಂಜುತ್ತಿದ್ದೆ, ಕೊತ್ವಾಲಿಯ ಜವಾನ ಬೀಡಿ ಸೇದುತ್ತ ನಮ್ಮ ಓಣಿಯಲ್ಲಿ ಸುಮ್ಮನೆ ಹಾದುಹೋದರೂ ಬಾಗಿಲ ಹಿಂದೆ ಸರಿಯುತ್ತಿದ್ದೆ. ಮೊಮ್ಮಕ್ಕಳು ಇದನ್ನು ಕೇಳಿ ಹಲ್ಲು ಕಿಸಿಯುತ್ತಾರೆ. ಕಿಸಿಯಲಿ, ಅವರ ಗಂಟೇನು ಹೋಗುತ್ತದೆ! ಆದರೆ ಒಂದು ನಾಗರ ಪಂಚಮಿಯಲ್ಲಿ ನಾನು ಅಂಜಿದ್ದು ಅಂಥ ಅಂಜಿಕೆಯಲ್ಲ. ಅದು ಹದಿನೆಂಟು ವರ್ಷ ನನ್ನ ಮೈಯೊಳಗೆ ಕೂತಿತ್ತು. ಅದನ್ನು ಬರೆದಿಡದೆ ಕಣ್ಣು ಮುಚ್ಚಿದರೆ ನನಗೆ ಸಮಾಧಾನವಿಲ್ಲ.

ಆಗ ನಿಜಾಮರ ಆಳ್ವಿಕೆ. ಕಲಬುರಗಿಯಲ್ಲಿ ಜಗತ್ ಪೇಟೆಯ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಮನೆ, ಗಂಡನಿಗೆ ಅರಿವೆ ಅಂಗಡಿ. ಎದುರಿಗೆ ಎಣ್ಣೆ ವ್ಯಾಪಾರದವರ ದೊಡ್ಡ ಮನೆ. ಆ ಮನೆಯ ಸೊಸೆ ನನಗಿಂತ ಮೂರು ವರ್ಷ ದೊಡ್ಡವಳು. ರಕ್ತಸಂಬಂಧವಿಲ್ಲ, ಆದರೂ ನಾನು ಅವಳನ್ನು ಅಕ್ಕ ಎಂದೇ ಕರೆದವಳು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಇನ್ನೊಬ್ಬಳು ಬಳೆಗಾರ್ತಿ. ಸಾಬರ ಪೈಕಿ ಹೆಣ್ಣು, ಗಂಡ ತೀರಿಕೊಂಡ ಮೇಲೆ ಬಳೆಯ ಮಲಾರ ತಾನೇ ಹೆಗಲಿಗೇರಿಸಿ ಮನೆಮನೆ ತಿರುಗುತ್ತಿದ್ದಳು. ಓಣಿಯ ಸುದ್ದಿಯೆಲ್ಲ ಅವಳ ಬಾಯಲ್ಲಿ. ನಮಗಿಬ್ಬರಿಗೆ ಬಳೆ ಇಡುವ ನೆಪದಲ್ಲಿ ಕೂತರೆ ಅರ್ಧ ಮಧ್ಯಾಹ್ನ ಕಳೆದುಹೋಗುತ್ತಿತ್ತು. ಹೊರಗೆ ಹೋಗಲಾರದ ನಮಗೆ ಅವಳೇ ಊರು, ಅವಳೇ ಪೇಟೆ.

ನನ್ನ ತವರು ಕಮಲಾಪುರ. ಊರ ಹೊರಗಿನ ಹಳ್ಳ ಒಂದು ಕಡೆ ಎರಡಾಗಿ ಒಡೆದು ಮತ್ತೆ ಕೂಡುತ್ತದೆ. ನಡುವೆ ಉಳಿದ ನೆಲದಲ್ಲಿ ನಮ್ಮಣ್ಣನ ಕೆಂಪು ಬಾಳೆಯ ತೋಟ, ಒಂದು ಗುಡಿಸಲು, ದಡಕ್ಕೆ ಬಾಗಿದ ಒಂದು ಹಳೆಯ ಮಾವಿನ ಮರ. ಮೊಣಕಾಲು ನೀರು ದಾಟಿದರೆ ಆ ನಡುಗಡ್ಡೆ. ಅಲ್ಲಿ ನಾಲ್ಕು ದಿನ ಮೂವರೇ ಇರಬೇಕು, ರೊಟ್ಟಿ ಬಡಿಯಬಾರದು, ಯಾರ ಮಾತೂ ಕೇಳಬಾರದು, ಹಗಲು ಹೊತ್ತಿನಲ್ಲಿ ಕಾಲು ಚಾಚಿ ಮಲಗಬೇಕು! ಇದು ನಮ್ಮ ಮೂವರ ಆಸೆ. ಈಗಿನವರು ಸಮುದ್ರದ ದಂಡೆಗೆ ಹೋಗಿ ಬರುತ್ತಾರಲ್ಲ, ಹಾಗೇ ಅಂದುಕೊಳ್ಳಿ. ಎರಡು ಪಂಚಮಿ ಬರೀ ಮಾತಾಡುವುದರಲ್ಲೇ ಹೋದವು. ಮೂರನೆಯದಕ್ಕೆ ಅಂತೂ ಎಲ್ಲರ ಮನೆಯಲ್ಲೂ ಹೂಂ ಅಂದರು.

ಅಕ್ಕನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಪಂಚಮಿಗೆ ಕರೆಯುವವರಿಲ್ಲದ ಸೊಸೆ ಎಂದು ಅವಳ ಅತ್ತೆಗೂ ಒಳಗೊಳಗೆ ಕನಿಕರವಿತ್ತೋ ಏನೋ, ಎರಡು ವರ್ಷದ ಮೊಮ್ಮಗನನ್ನು ತನ್ನ ಹತ್ತಿರ ಇಟ್ಟುಕೊಂಡು ಕಳಿಸಿದಳು. ಆದರೆ ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು, "ಎಲ್ಲಿದ್ರೂ ಲಿಂಗಪೂಜಿ ತಪ್ಪಬಾರ್ದು ನೋಡು. ಈ ಮನಿ ಸೊಸಿ ಅನ್ನೂದು ಮರೀಬ್ಯಾಡ."

ಆ ಮನೆಯ ಕಟ್ಟು ಹಾಗಿತ್ತು. ನಾವೂ ಲಿಂಗವಂತರೇ, ನಮ್ಮ ಕೊರಳಲ್ಲೂ ಲಿಂಗವಿದೆ, ಪೂಜೆ ಆಗದೆ ನಾವೂ ಬಾಯಿಗೆ ನೀರು ಹಾಕುವುದಿಲ್ಲ. ಆದರೆ ಆ ಮನೆಯವರದು ಒಂದು ಕೈ ಮೇಲೆ. ಅಕ್ಕನ ಗಂಡನ ಅಜ್ಜಿ ಬಾವಿಯಲ್ಲಿ ನೀರು ಸೇದುವಾಗ ಕೊರಳಿನ ಲಿಂಗ ಜಾರಿ ಬಾವಿಗೆ ಬಿತ್ತಂತೆ. ಸಿಗಲಿಲ್ಲವಂತೆ. ಲಿಂಗವಿಲ್ಲದ ಮೈಗೆ ಅನ್ನವೇಕೆ, ನೀರೇಕೆ ಎಂದು ಕೂತವಳು ಐದನೆಯ ದಿನಕ್ಕೆ ಪ್ರಾಣ ಬಿಟ್ಟಳಂತೆ. ಓಣಿಯವರು ಇದನ್ನು ಹೇಳುವಾಗ ದನಿ ತಗ್ಗಿಸಿ, ಕೈಮುಗಿದು ಹೇಳುತ್ತಿದ್ದರು. ನನಗೆ ಅದನ್ನು ಕೇಳಿದಾಗಲೆಲ್ಲ ಗಂಟಲು ಒಣಗುತ್ತಿತ್ತು, ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆ.

ನಸುಕಿನಲ್ಲೇ ಬಂಡಿ ಕಟ್ಟಿ ಹೊರಟೆವು. ತಾಜಸುಲ್ತಾನಪುರ ದಾಟುವವರೆಗೆ ಅಕ್ಕ ತಲೆ ಮೇಲಿನ ಸೆರಗು ತೆಗೆಯಲಿಲ್ಲ. ದಾಟಿದ್ದೇ ತಡ, ಸೆರಗು ಹಿಂದೆ ಸರಿಸಿ, "ಯವ್ವಾ, ಗಾಳಿ!" ಅಂದಳು. ಬಳೆಗಾರ್ತಿ ನಕ್ಕಳು, "ಇಷ್ಟ ದಿನ ಏನ್ ನುಂಗ್ತಿದ್ರಿ ಅಕ್ಕಾರ, ಗಾಳಿ ಅಲ್ಲೇನು?" ನಾನು ಮಾತ್ರ ಮುಗಿಲು ನೋಡುತ್ತಿದ್ದೆ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಹೇಳಿದರೆ ನಗುತ್ತಾರೆಂದು ಬಾಯಿ ಮುಚ್ಚಿಕೊಂಡೆ.

ಮರುದಿನ ನನ್ನ ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟೆ. ಅಣ್ಣ ನಮ್ಮನ್ನು ನಡುಗಡ್ಡೆಗೆ ದಾಟಿಸಿ, ಉಂಡಿ, ಅಳ್ಳಿಟ್ಟು, ಕಟಕ ರೊಟ್ಟಿಯ ಗಂಟು ಇಳಿಸಿ, ಮಾವಿನ ಕೊಂಬೆಗೆ ಜೋಕಾಲಿ ಕಟ್ಟಿಕೊಟ್ಟು ಹೋದ. ಆ ಒಂದು ದಿನದ ಸುಖವನ್ನು ಸುಳ್ಳೆನ್ನಲಾರೆ. ತೋಟದ ಬಾಳೆಗೊನೆ ಕೈಗೆಟಕುವಷ್ಟು ತಗ್ಗಿನಲ್ಲಿ ಬಾಗಿದ್ದವು. ಮೂವರೂ ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತು ಕೆಂಪು ಬಾಳೆಹಣ್ಣು ತಿಂದೆವು. ಬಳೆಗಾರ್ತಿ ತಂದ ಬುತ್ತಿಯ ಡಬ್ಬಿಯನ್ನು ಅಕ್ಕ ಮುಟ್ಟುತ್ತಿರಲಿಲ್ಲ, ಆದರೆ ಗಿಡದಿಂದ ಕಿತ್ತ ಹಣ್ಣನ್ನು ಅವಳ ಕೈಯಿಂದಲೇ ತೆಗೆದುಕೊಂಡಳು. "ಹಣ್ಣಿಗೆ ಸಿಪ್ಪಿ ಅದ ಅಲ್ಲಾ, ನಡೀತದ," ಎಂದು ತನ್ನಷ್ಟಕ್ಕೇ ಕಾನೂನು ಮಾಡಿಕೊಂಡಳು. ಮಧ್ಯಾಹ್ನ ಗುಡಿಸಲ ನೆರಳಿನಲ್ಲಿ ಮಲಗಿದೆವು. ಅಕ್ಕ ಎರಡು ಸಲ ಬೆಚ್ಚಿ ಎದ್ದಳು, ಅತ್ತೆ ಕರೆದ ಹಾಗಾಯಿತಂತೆ. ನಾನು ಒಂದು ಸಲ ಹಾವು ಕಂಡೆ, ಅದು ಹಗ್ಗವಾಗಿತ್ತು. ಆ ಹಗ್ಗವನ್ನು ಹಿಡಿದು ಇಬ್ಬರೂ ಸಂಜೆಯವರೆಗೆ ನನ್ನನ್ನು ಕಾಡಿದರು.

ಎರಡನೆಯ ದಿನ ಮಧ್ಯಾಹ್ನ ಆದದ್ದು ನನ್ನಿಂದಲೇ ಆದದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅಕ್ಕ ಜೋಕಾಲಿಯ ಹಲಗೆಯ ಮೇಲೆ ನಿಂತಿದ್ದಳು. ನಾನು ಹಿಂದಿನಿಂದ ನೂಕುತ್ತಿದ್ದೆ. ಕೊಂಬೆ ಹಳ್ಳದ ಮೇಲಕ್ಕೆ ಚಾಚಿತ್ತು, ಜೋಕಾಲಿ ಜೋರು ಹೋದರೆ ಕೆಳಗೆ ಬರೀ ನೀರು. ಎರಡು ಜೀಕು ಹೋಗುವಷ್ಟರಲ್ಲಿ ಅಕ್ಕ ಕೂಗಿದಳು, "ಸಾಕ ತಂಗಿ, ಸಾಕ, ಅಂಜಿಕಿ ಬರಾಕತ್ತದ!"

ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಬಾರದು. ಹುಟ್ಟಿದಾಗಿನಿಂದ ನಾನೇ ಅಂಜುವವಳು, ಮಿಕ್ಕವರೆಲ್ಲ ನಗುವವರು. ಈಗ ಇನ್ನೊಬ್ಬರು ಅಂಜುತ್ತಿದ್ದಾರೆ, ನನ್ನ ಕೈಯಿಂದ! "ನಿನ್ನೆ ಹಗ್ಗಕ್ಕ ನಕ್ಕಿದ್ದೆಲ್ಲಾ, ಈಗ ಹಿಡ್ಕೊ ಹಗ್ಗ!" ಎಂದು ಇದ್ದಬದ್ದ ಬಲವೆಲ್ಲ ಹಾಕಿ ನೂಕಿದೆ. ಅಕ್ಕ ಹೆದರಿ ಹಗ್ಗವನ್ನು ಎದೆಗೆ ಅವುಚಿಕೊಂಡಳು. ಲಿಂಗದ ಕರಡಿಗೆ ಕಟ್ಟಿದ್ದ ಕೊರಳ ಶಿವದಾರ ಹಗ್ಗದ ಗಂಟಿಗೆ ಸಿಕ್ಕಿತು, ಜಗ್ಗಿತು, ಹರಿಯಿತು. ಬೆಳ್ಳಿಯ ಕರಡಿಗೆ ಬಿಸಿಲಿನಲ್ಲಿ ಒಮ್ಮೆ ಮಿಂಚಿ ದಡದ ಬಂಡೆಗೆ ಬಡಿಯಿತು. ಮುಚ್ಚಳ ಬೇರೆ, ಕರಡಿಗೆ ಬೇರೆ. ಒಳಗಿನ ಲಿಂಗ ನೀರಿಗೆ ಬಿದ್ದ ಸದ್ದು ಬಹಳ ಸಣ್ಣದು, ನೆಲ್ಲಿಕಾಯಿ ಬಿದ್ದಷ್ಟು.

ಮೂವರೂ ನೀರಿಗಿಳಿದೆವು. ಬಳೆಗಾರ್ತಿ ದಡದಲ್ಲಿ ಒಂದು ಗಳಿಗೆ ನಿಂತು, "ನಾ ಮುಟ್ಟಿದ್ರ ನಡೀತದೇನ್ರಿ ಅಕ್ಕಾರ?" ಎಂದು ಕೇಳಿದಳು. ಅಕ್ಕ, "ಸಿಕ್ಕರ ಸಾಕವ್ವಾ, ಹುಡುಕು," ಅಂದಳು. ಮರಳು ಬಗೆದೆವು, ಕಲ್ಲು ಎತ್ತಿದೆವು, ಕಪ್ಪಗೆ ಕಂಡದ್ದನ್ನೆಲ್ಲ ಕೈಗೆ ತೆಗೆದುಕೊಂಡು ನೋಡಿದೆವು. ಹಳ್ಳದ ತಳದಲ್ಲಿ ಕಪ್ಪು ಕಲ್ಲಿಗೇನು ಬರ! ನನ್ನ ಉಗುರೆಲ್ಲ ಹರಿದವು. ಅಷ್ಟರಲ್ಲಿ ನೀರಿನ ಬಣ್ಣ ತಿರುಗಿತು. ಎಲ್ಲೋ ಮೇಲೆ ಮಳೆಯಾಗಿತ್ತು. ಮೊಣಕಾಲಿಗಿದ್ದ ನೀರು ಸೊಂಟಕ್ಕೆ ಬಂತು, ಕೆಂಪಾಯಿತು, ಕಸಕಡ್ಡಿ ಹೊತ್ತು ಬಂತು. ಬಳೆಗಾರ್ತಿ ನಮ್ಮಿಬ್ಬರ ಸೆರಗು ಹಿಡಿದು ದಡಕ್ಕೆಳೆದಳು. ಸಂಜೆಯ ಹೊತ್ತಿಗೆ ಹಳ್ಳದ ಎರಡೂ ಕವಲು ತುಂಬಿ, ನಾವು ಬಂದ ದಾರಿ ಇಲ್ಲವಾಯಿತು.

ಅಕ್ಕ ಗುಡಿಸಲಲ್ಲಿ ಗೋಡೆಗೆ ಒರಗಿ ಕೂತಳು. ಬರಿದಾದ ಕರಡಿಗೆ ಅವಳ ಅಂಗೈಯಲ್ಲಿತ್ತು.

"ತಂಗಿ," ಅಂದಳು, "ಇನ್ನ ನನಗ ನೀರು ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ."

"ಯಕ್ಕಾ, ಹಂಗೇನ್ ಮಾತಾಡ್ತಿ? ಊರಿಗೆ ಹೋಗೂಣು, ಮಠದಾಗ ಕೇಳೂಣು, ಬ್ಯಾರೆ ಲಿಂಗ ಕೊಡ್ತಾರ."

"ಕೊಟ್ಟಾಗ ಕುಡೀತೀನಿ."

"ಹಳ್ಳ ಇಳೀಲಿಲ್ಲಂದ್ರ?"

ಬಾವಿಯ ಅಜ್ಜಿಯ ನೆನಪು ಇಬ್ಬರಿಗೂ ಬಂದಿತ್ತು. ನಾನು ಅವಳ ಕಾಲು ಹಿಡಿದು, ನನ್ನದೇ ತಪ್ಪು, ನಾನೇ ನೂಕಿದೆ, ನನ್ನ ಮೇಲೆ ಸಿಟ್ಟು ಮಾಡು ಎಂದು ಅತ್ತೆ. ಅಕ್ಕ ನನ್ನ ತಲೆ ಸವರಿ, "ನಂದೇ ಋಣ ಹರೀತು ಬಿಡು," ಅಂದಳು. ಬೈದಿದ್ದರೆ ನನಗೆ ಒಳ್ಳೆಯದಿತ್ತು.

ಬೆಳಗಾದಾಗಲೂ ಹಳ್ಳ ಹಾಗೇ ಇತ್ತು. ಆಚೆ ದಡದಲ್ಲಿ ಅಣ್ಣ ಬಂದು ನಿಂತು ಕೂಗುತ್ತಿದ್ದ. ಈಸು ಬಲ್ಲವರು ಇಬ್ಬರು ಹಗ್ಗ ಕಟ್ಟಿಕೊಂಡು ಇಳಿದು ನೋಡಿದರು, ಸೆಳವು ಅವರನ್ನು ಹತ್ತು ಮಾರು ಕೆಳಗೆ ಒಯ್ಯಿತು, ಎಳೆದು ತೆಗೆದರು. ಬಳೆಗಾರ್ತಿ ಬಾಯಿಯ ಸುತ್ತ ಎರಡೂ ಕೈ ಹಿಡಿದು ನಡೆದದ್ದನ್ನು ಕೂಗಿ ಹೇಳಿದಳು. ಅವಳದು ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿ, ಅವತ್ತು ಅದು ಉಪಯೋಗಕ್ಕೆ ಬಂತು. ಅಣ್ಣ ಓಡಿದ. ಹೊತ್ತು ಏರುವಷ್ಟರಲ್ಲಿ ಊರಿನ ಮಠದ ಅಯ್ಯನವರನ್ನೇ ಕರೆದುಕೊಂಡು ಬಂದ.

ಅಯ್ಯನವರು ಮುಪ್ಪಿನವರು. ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನೀರಿನ ಅಂಚಿಗೆ ಬಂದು ನಿಂತು, ಇದ್ದ ಉಸಿರೆಲ್ಲ ಕೂಡಿಸಿ ಕೂಗಿದರು, "ತಾಯೀ, ನೀರು ಕುಡಿ! ನಾ ಹೇಳಾಕತ್ತೀನಿ, ಕುಡಿ! ಲಿಂಗ ನಾ ಕೊಡ್ತೀನಿ!" ನೀರಿನ ಸದ್ದಿನಲ್ಲಿ ಅರ್ಧ ಕೇಳಿತು, ಅರ್ಧ ಅವರ ಕೈಸನ್ನೆಯಿಂದ ತಿಳಿಯಿತು. ನಾನು ಓಡಿ ಬಂದು ಅಕ್ಕನಿಗೆ ಹೇಳಿದೆ.

"ಅವರು ನಮ್ಮ ಮಠದವರಲ್ಲ," ಅಂದಳು ಅಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಜೀವ ಹೋಗುತ್ತಿದೆ, ಇವಳಿಗೆ ನಮ್ಮ ಮಠ, ನಿಮ್ಮ ಮಠ! "ನಿಮ್ಮ ಮಠದ ಸ್ವಾಮಿಗೋಳು ಕಲಬುರ್ಗ್ಯಾಗ ಕುಂತಾರ, ಅವರಿಗೆ ರೆಕ್ಕಿ ಅದಾವೇನು?" ಎಂದು ಕಿರುಚಿದೆ. ಅಕ್ಕ ಕಣ್ಣು ಮುಚ್ಚಿದಳು. "ಮನಿಗೆ ಹೋದ್ರ ಅತ್ತಿಗೆ ಏನ್ ಹೇಳ್ಲಿ? ಎರಡ ದಿವಸ ತಡಕೊಳ್ಳಾಕ ಆಗಲಿಲ್ಲ, ಕುಡದೆ, ಅಂತ ಹೇಳ್ಲೇನು?" ಅಂದಳು. ಆಗ ತಿಳಿಯಿತು, ಅವಳು ದೇವರಿಗೆ ಅಂಜಿರಲಿಲ್ಲ, ಆ ಮನೆಗೆ ಅಂಜಿದ್ದಳು. ಅಂಥ ಅಂಜಿಕೆ ನನಗೆ ಚೆನ್ನಾಗಿ ಗೊತ್ತು. ಅದರ ಮುಂದೆ ಯಾರ ಮಾತೂ ನಡೆಯುವುದಿಲ್ಲ.

ಅವತ್ತು ಮಧ್ಯಾಹ್ನ ಮಳೆ ಬಂತು. ಗುಡಿಸಲ ಮೇಲ್ಛಾವಣಿ ಅಲ್ಲಲ್ಲಿ ಸೋರುತ್ತಿತ್ತು. ಅಕ್ಕ ಸೆರಗನ್ನು ಎರಡು ಮಡಿಕೆ ಮಾಡಿ ಬಾಯಿಗೆ ಒತ್ತಿ ಹಿಡಿದುಕೊಂಡಳು. ಒಂದು ಹನಿ ತುಟಿಗೆ ತಾಗಬಾರದು. ಸುತ್ತ ನೀರು, ಮೇಲೆ ನೀರು, ಒಳಗೆ ಹೆಣ್ಣೊಂದು ನೀರಿಲ್ಲದೆ ಒಣಗುತ್ತಿದೆ. ನಾನು ಕಂಡ ಅತಿ ಭಯಂಕರ ನೋಟ ಅದು. ನಾನೂ ಬಳೆಗಾರ್ತಿಯೂ ಬಾಳೆಯ ಮರೆಗೆ ಹೋಗಿ ಕಳ್ಳರ ಹಾಗೆ ನೀರು ಕುಡಿದು ಬಂದೆವು.

ಇನ್ನೊಂದು ದಿನವೂ ಹಾಗೇ ಹೋಯಿತು. ಮೂರನೆಯ ಬೆಳಗಿಗೆ ಅಕ್ಕನ ತುಟಿ ಬಿರಿದಿತ್ತು, ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು. ಮಗ ಇಲ್ಲಿಯೇ ಇದ್ದಾನೆಂದು ತಿಳಿದು, "ಹಾಲ ಕುಡದೇನಪಾ? ಕುಡಿ, ಕುಡಿ," ಅನ್ನುತ್ತಿದ್ದಳು. ಬಳೆಗಾರ್ತಿ ನನ್ನನ್ನು ಹೊರಗೆ ಕರೆದು, "ಅವರು ಈ ಹೊತ್ತು ದಾಟೂದಿಲ್ರಿ ಅಕ್ಕಾರ," ಅಂದಳು. ಅವಳು ಹಳ್ಳಿಹಳ್ಳಿ ತಿರುಗಿದವಳು, ಸಾವು ಕಂಡವಳು. ಅವಳ ಕಣ್ಣಲ್ಲೂ ನೀರಿತ್ತು.

ನಾನು ದಡಕ್ಕೆ ಹೋದೆ. ಹುಡುಕಲು ಹೋದೆ ಎಂದೇ ಅಂದುಕೊಂಡಿದ್ದೆ. ಆ ಕೆಂಪು ನೀರಿನಲ್ಲಿ ಆನೆ ಬಿದ್ದಿದ್ದರೂ ಕಾಣುತ್ತಿರಲಿಲ್ಲ. ಅಲ್ಲಿ ನಿಂತಾಗ ಕೈ ತಾನಾಗಿ ನನ್ನ ಕೊರಳಿಗೆ ಹೋಯಿತು. ನನ್ನ ಕರಡಿಗೆ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ ಲಿಂಗ, ಹೆರಿಗೆಯಲ್ಲೂ ಮೈಬಿಟ್ಟು ಇರದದ್ದು. ಎಲ್ಲರ ಲಿಂಗವೂ ಅದೇ ಕಪ್ಪು ಕಂತಿಯ ಲೇಪ, ಅದೇ ದುಂಡು, ಅದೇ ಅಳತೆ. ಮುಚ್ಚಳ ತಿರುಗಿಸುವಾಗ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಸಿಡಿಲು ಬಡಿಯುತ್ತದೆ, ಮಕ್ಕಳು ಸಾಯುತ್ತಾರೆ, ನನ್ನ ಕಣ್ಣು ಹೋಗುತ್ತದೆ, ಇನ್ನೇನೇನೋ. ಆದರೂ ತೆಗೆದೆ. ಒದ್ದೆ ಮರಳಲ್ಲಿ ಹೊರಳಿಸಿದೆ. ಕಾಲ ಬಳಿ ಇದ್ದ ಒಂದು ಸಣ್ಣ ಕಪ್ಪು ಕಲ್ಲನ್ನು ನನ್ನ ಕರಡಿಗೆಗೆ ಹಾಕಿ ಮುಚ್ಚಳ ಬಿಗಿದೆ. ತಿರುಗಿ ನೋಡಿದರೆ ಬಳೆಗಾರ್ತಿ ಗುಡಿಸಲ ಮುಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಚೊಂಬು ತೆಗೆದುಕೊಂಡು ತೊಳೆಯಲು ಹೋದಳು.

"ಸಿಕ್ತು! ಯಕ್ಕಾ, ಸಿಕ್ತು!" ಎಂದು ಕೂಗುತ್ತ ಓಡಿದೆ.

ಅಕ್ಕನನ್ನು ಎಬ್ಬಿಸಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟೆ. ಅವಳು ಅದನ್ನು ಕಣ್ಣ ಹತ್ತಿರ ಹಿಡಿದಳು. ನೋಡಿದಳು. ನೋಡುತ್ತಲೇ ಇದ್ದಳು. ದಿನಾ ಕಣ್ಣಿಟ್ಟು ಪೂಜೆ ಮಾಡಿದ ಲಿಂಗ, ಗುರುತು ಹಿಡಿಯದೆ ಬಿಟ್ಟಾಳೇ? ಕಡೆಗೆ ಅವಳು ಲಿಂಗವನ್ನು ಹಣೆಗೊತ್ತಿಕೊಂಡು, "ನೀರ ತಾ, ಪೂಜಿ ಮಾಡ್ತೀನಿ," ಅಂದಳು. ಪೂಜೆ ಮಾಡಿ ಕುಡಿದಳು. ಒಂದು ಚೊಂಬು, ಇನ್ನೊಂದು ಚೊಂಬು. ಬಳೆಗಾರ್ತಿ "ಸಾವಕಾಶ, ಸಾವಕಾಶ" ಎಂದು ಬೆನ್ನು ಸವರುತ್ತಿದ್ದಳು. ನಾನು ಹೊರಗೆ ಹೋಗಿ ನನ್ನ ಕರಡಿಗೆಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿದೆ.

ಮರುದಿನ ಹಳ್ಳ ಇಳಿಯಿತು. ಅಕ್ಕ ನಡೆಯುವಷ್ಟಾಗಲು ನಮ್ಮ ತವರಿನಲ್ಲಿ ಮೂರು ದಿನ ಹಿಡಿಯಿತು. ಅಷ್ಟರಲ್ಲಿ ನಮಗಿಂತ ಮುಂಚೆ ಸುದ್ದಿ ಕಲಬುರಗಿ ತಲುಪಿತ್ತು. ನಾವು ಬಂಡಿ ಇಳಿಯುವಾಗ ಓಣಿಯ ಹೆಂಗಸರೆಲ್ಲ ಅಕ್ಕನ ಕಾಲಿಗೆ ನೀರೆರೆಯಲು ಕೊಡ ಹಿಡಿದು ನಿಂತಿದ್ದರು. ತುಂಬಿದ ಹಳ್ಳ ತಾನಾಗಿ ಲಿಂಗವನ್ನು ತಂದುಕೊಟ್ಟಿತಂತೆ! ಅವಳ ಭಕ್ತಿಗೆ ಮೆಚ್ಚಿ ಗಂಗೆಯೇ ಕೈಚಾಚಿದಳಂತೆ! ಅವಳ ಅತ್ತೆ, ಯಾರ ಮುಂದೆಯೂ ಬಾಗದ ಹೆಂಗಸು, ಸೊಸೆಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅಕ್ಕ ತಲೆ ತಗ್ಗಿಸಿ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ! ದಿನಾ ಮುಂಜಾನೆ ಅತ್ತೆಯ ಪಕ್ಕದಲ್ಲಿ ಕೂತು, ಅಂಗೈ ಮೇಲೆ ಹಳ್ಳದ ಕಲ್ಲಿಟ್ಟುಕೊಂಡು, ಬೆರಳುಗಳಿಂದ ಮುಚ್ಚಿ ಪೂಜೆ ಮಾಡುತ್ತಿದ್ದೆ. ಅತ್ತೆಯ ಕಣ್ಣು ಮಂದ, ಅದೊಂದೇ ನನ್ನ ಪುಣ್ಯ. ಮಗಳಿಗೆ ಜ್ವರ ಬಂದರೆ, ಇಗೋ ಬಂತು ಶಿಕ್ಷೆ ಎಂದು ಎದೆ ಹಿಡಿದುಕೊಳ್ಳುತ್ತಿದ್ದೆ. ಊಟ ಮಾಡಿದರೆ ಪಾಪ, ಮಾಡದಿದ್ದರೆ ಗುಟ್ಟು ರಟ್ಟು. ಅದಕ್ಕಿಂತ ಹೆಚ್ಚಾಗಿ ಅಕ್ಕನ ಅಂಜಿಕೆ. ಅವಳು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ನಾನು ಬಾಗಿಲಿಗೆ ಬಂದರೆ ಅವಳು ಒಳಗೆ. ಗುರುತು ಹಿಡಿದಿದ್ದಾಳೆ, ತನ್ನನ್ನು ಮೈಲಿಗೆ ಮಾಡಿದೆನೆಂದು ಹಲ್ಲು ಕಡಿಯುತ್ತಿದ್ದಾಳೆ, ಇವತ್ತಲ್ಲ ನಾಳೆ ಎಲ್ಲರ ಮುಂದೆ ಹೇಳುತ್ತಾಳೆ ಎಂದೇ ನಾನು ತಿಳಿದೆ.

ನಾಲ್ಕು ತಿಂಗಳಾದ ಮೇಲೆ ತಡೆಯಲಾರದೆ ತವರಿಗೆ ಹೋಗಿ ತಾಯಿಯ ಮುಂದೆ ಅತ್ತೆ. ತಾಯಿ ಸದ್ದಿಲ್ಲದೆ ಅದೇ ಅಯ್ಯನವರ ಹತ್ತಿರ ಕರೆದೊಯ್ದಳು. ಅವರು ಎಲ್ಲ ಕೇಳಿದರು.

"ನಾಕ ತಿಂಗಳು ಉಂಡೇನವ್ವಾ?"

"ಉಂಡೀನ್ರಿ ಯಪ್ಪಾ."

ಅವರು ಎದ್ದು ಒಳಗೆ ಹೋಗಿ ಬಂದರು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಅಂಗೈಗೆ ತಣ್ಣಗೆ ಏನೋ ತಾಕಿತು, ಹೊಸ ಲಿಂಗ. "ಅಂಜಬ್ಯಾಡ, ಹೋಗು," ಅಂದರು. ಅಂಜಬೇಡ ಎಂದರೆ ಅಂಜಿಕೆ ಹೋಗುತ್ತದೆಯೇ? ಲಿಂಗದ ಚಿಂತೆ ಹೋಯಿತು, ಅಕ್ಕನ ಚಿಂತೆ ಉಳಿಯಿತು. ಬಳೆಗಾರ್ತಿ ಮಾತ್ರ ಎರಡೂ ಮನೆಗೆ ಹೋಗಿ ಬರುತ್ತಿದ್ದಳು. "ಎದುರು ಮನಿ ಅಕ್ಕಾರು ಬಳಿ ಇಟಗೊಳ್ಳುವಾಗ ನಿಮ್ಮನ್ನ ಕೇಳ್ತಾರ್ರಿ," ಅನ್ನುತ್ತಿದ್ದಳು. ಏನು ಕೇಳುತ್ತಾಳೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಹೀಗೆ ಹದಿನೆಂಟು ವರ್ಷ. ಅಕ್ಕನ ಮಗನಿಗೆ ಮದುವೆಯಾಗಿ, ಸೊಸೆ ಬಂದು ವರ್ಷವಾಗಿತ್ತು. ಒಂದು ಮುಂಜಾನೆ ನಾನು ಅಂಗಳ ಸಾರಿಸುತ್ತಿದ್ದಾಗ ಅಕ್ಕ ಓಣಿ ದಾಟಿ ನಮ್ಮ ಬಾಗಿಲಿಗೆ ಬಂದು ನಿಂತಳು. ಮುಖ ಸುಣ್ಣದ ಹಾಗಾಗಿತ್ತು.

"ಬಾ ತಂಗಿ. ನಮ್ಮ ಸೊಸಿ ಲಿಂಗ ನಿನ್ನೆ ಬಾವ್ಯಾಗ ಬಿದ್ದದ. ನೀರ ಮುಟ್ಟಾಕ ತಯಾರಿಲ್ಲ ಹುಡುಗಿ."

ನನ್ನ ಕೈ ಥಟ್ಟನೆ ಕರಡಿಗೆಯನ್ನು ಮುಚ್ಚಿಕೊಂಡಿತು. ಇವಳು ಮತ್ತೆ ನನ್ನದನ್ನೇ ಕೇಳಲು ಬಂದಿದ್ದಾಳೆ, ಅಂದರೆ ಎಲ್ಲವೂ ಇವಳಿಗೆ ಗೊತ್ತು! ಅಕ್ಕ ಅದನ್ನು ನೋಡಿದಳು. "ಅದಕ್ಕಲ್ಲ. ನೀ ನನ್ನ ಜೋಡಿ ನಿಂದ್ರು, ಅಷ್ಟ ಸಾಕು," ಅಂದಳು.

ಪಡಸಾಲೆ ತುಂಬ ಹೆಂಗಸರು. ನಡುವೆ ಆ ಹುಡುಗಿ, ಹದಿನಾರು ಹದಿನೇಳರ ಎಳೆಯ ಮುಖ, ಗೋಡೆಗೆ ಒರಗಿ ಕೂತಿದ್ದಳು. ತುಟಿ ಆಗಲೇ ಬೆಳ್ಳಗಾಗಿತ್ತು. ಮುದುಕಿಯಾಗಿದ್ದ ಅಕ್ಕನ ಅತ್ತೆ ಮಂಚದ ಮೇಲಿಂದ ಹೇಳುತ್ತಿದ್ದಳು, "ತಡಕೊ ಮಗಳ. ನಿಮ್ಮತ್ತೀದು ತುಂಬಿದ ಹಳ್ಳ ತಂದುಕೊಟ್ಟಿತು. ಗಟ್ಟಿ ಮನಸ ಇದ್ರ ನಿಂದೂ ಬರ್ತದ." ಸುತ್ತಲಿನವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ನಾನು ಹೇಳಿದ ಒಂದು ಸುಳ್ಳು ಆ ಹುಡುಗಿಯ ಕುತ್ತಿಗೆ ಹಿಡಿದು ಕೂತಿತ್ತು.

"ಬರೂದಿಲ್ಲ," ಅಂದಳು ಅಕ್ಕ.

ಎಲ್ಲರೂ ತಿರುಗಿದರು.

"ನಂದೂ ಬಂದಿದ್ದಿಲ್ಲ. ನನ್ನ ಲಿಂಗಕ್ಕ ಒಂದ ಕಡೆ ಕಂತಿ ಹಾರಿತ್ತು, ನಾ ಹುಡುಗಿದ್ದಾಗಿಂದ ನೋಡಿದ್ದೆ. ಅವತ್ತ ಈಕಿ ಕೈಯಾಗ ಇಟ್ಟದ್ದು ನಂದಲ್ಲ, ಈಕೀದು. ಕೈಯಾಗ ಬಂದ ಕೂಡಲೇ ನನಗ ಗೊತ್ತಾತು." ಅವಳ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ಗೊತ್ತಾದ್ರೂ ಸುಮ್ಮಕಿದ್ದೆ. ನನಗ ನೀರಡಿಸಿತ್ತು. ಸಾಯಾಕ ಅಂಜಿಕಿ ಬಂದಿತ್ತು ನನಗ. ಕುಡದೆ. ಇಷ್ಟ ವರ್ಷ ನೀವು ನನ್ನ ಕಾಲಿಗೆ ಬೀಳ್ತಿದ್ರಿ, ನಾ ಈಕಿ ಮಾರಿ ನೋಡಾಕ ಆಗದ ಒಳಗ ಅಡಗತಿದ್ದೆ."

ಮಂಚದ ಮೇಲಿನ ಮುದುಕಿ ಮುಖ ಗೋಡೆಗೆ ತಿರುಗಿಸಿದಳು. ಹದಿನೆಂಟು ವರ್ಷ ನಾನು ಅಕ್ಕನಿಗೆ ಅಂಜಿದ್ದೆ, ಅಕ್ಕ ನನಗೆ ಅಂಜಿದ್ದಳು. ಎದುರು ಬದುರು ಎರಡು ಬಾಗಿಲು, ನಡುವೆ ಹತ್ತು ಹೆಜ್ಜೆ!

ಅಕ್ಕ ಚೊಂಬು ಎತ್ತಿ ಸೊಸೆಯ ಮುಂದೆ ಕೂತಳು. "ಸಂಜಿಗೆ ಸ್ವಾಮಿಗೋಳ ಹತ್ರ ಹೋಗೂಣು, ನಾನೂ ಬರ್ತೀನಿ. ಈಗ ಕುಡಿ, ನನ್ನವ್ವಾ. ನಾ ಕುಡದೀನಿ, ನೀನೂ ಕುಡಿ."

ಹುಡುಗಿ ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಎರಡೂ ಕೈಯಿಂದ ಚೊಂಬು ಹಿಡಿದು ಗಟಗಟ ಕುಡಿದಳು, ನೀರು ಗದ್ದದ ಮೇಲಿಂದ ಕುಪ್ಪಸಕ್ಕೆ ಇಳಿಯಿತು. ಹೆಂಗಸರು ಒಬ್ಬೊಬ್ಬರಾಗಿ ಅಕ್ಕನ ಕಾಲು ಮುಟ್ಟದೆ ಎದ್ದು ಹೋದರು. ಅಕ್ಕ ಅವರು ಹೋಗುವುದನ್ನು ನೋಡುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ.